ಬಾಸ್, ನಂಬಿಕೆ ಮತ್ತು ಕೆಲಸದ ಜಾಗದ ನೆಮ್ಮದಿ: ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯದ ವರ್ಕ್‌ಶಾಪ್, ಮೈಸೂರು ರಸ್ತೆಯ ಗಾರ್ಮೆಂಟ್ಸ್, ವೈಟ್‌ಫೀಲ್ಡ್‌ನ ಐಟಿ ಆಫೀಸು. ಜಾಗ ಬೇರೆ ಬೇರೆ ಆದರೂ ಸೂಪರ್‌ವೈಸರ್‌ಗಳ ತರಬೇತಿಯಲ್ಲಿ ನಮ್ಮ ಮುಂದೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೆಲವು ಕೆಲಸಗಾರರದ್ದು, ಕೆಲವು ಅವರ ಮೇಲಿನವರದ್ದು. ಇಬ್ಬರೂ ಎಲ್ಲ ಉತ್ತರಗಳನ್ನು ಓದಿದರೆ ಒಳ್ಳೆಯದು.

ಇಲ್ಲಿ ನಾಯಕತ್ವ ಅಂದರೆ ಯಾರ ವಿಷಯ? ಎಂ.ಡಿ., ಸಿಇಒ ಬಗ್ಗೆಯಾ?

ಅಲ್ಲ. ನಿಮ್ಮ ರಜೆಗೆ ಸಹಿ ಹಾಕುವವರ ಬಗ್ಗೆ. ಗಾರ್ಮೆಂಟ್ಸ್‌ನಲ್ಲಿ ಅವರು ಲೈನ್ ಸೂಪರ್‌ವೈಸರ್, ಐಟಿಯಲ್ಲಿ ಟೀಮ್ ಲೀಡ್, ಬ್ಯಾಂಕಿನಲ್ಲಿ ಬ್ರಾಂಚ್ ಮ್ಯಾನೇಜರ್, ಶಾಲೆಯಲ್ಲಿ ಹೆಡ್‌ಮಾಸ್ಟರ್. ಎಂ.ಡಿ. ಮುಖವನ್ನೇ ನೋಡದೆ ಹತ್ತು ವರ್ಷ ಕೆಲಸ ಮಾಡಿದವರಿದ್ದಾರೆ. ದಿನಾ ಎದುರಾಗುವುದು ನೇರ ಮೇಲಿನವರೇ. ಕೆಲಸಗಾರರ ಪಾಲಿಗೆ ಕಂಪನಿ ಅಂದರೆ ಅವರೇ.

ಬಾಸ್ ನಡವಳಿಕೆಗೂ ಆರೋಗ್ಯಕ್ಕೂ ನಿಜವಾಗಿ ಸಂಬಂಧ ಇದೆಯಾ, ಇಲ್ಲಾ ಇದು ಸುಮ್ನೆ ಹೇಳೋ ಮಾತಾ?

ಇದೆ. ಸ್ವೀಡನ್ನಿನ ಸ್ಟಾಕ್‌ಹೋಮ್ ಸುತ್ತಮುತ್ತ ಕೆಲಸ ಮಾಡುವ 3,122 ಗಂಡಸರನ್ನು ಅಲ್ಲಿನ ಸಂಶೋಧಕರು ಸುಮಾರು ಹತ್ತು ವರ್ಷ ಗಮನಿಸಿದರು. ಫಲಿತಾಂಶ ಪ್ರಕಟವಾದದ್ದು 2009ರಲ್ಲಿ. ಅವರು ಬಾಸ್ ಬಗ್ಗೆ ಕೇಳಿದ ಪ್ರಶ್ನೆಗಳು ತೀರಾ ಸಾದಾ. ಕೆಲಸಕ್ಕೆ ಬೇಕಾದ ಮಾಹಿತಿ ಕೊಡುತ್ತಾರಾ? ಗುರಿ ಏನು ಅಂತ ಬಿಡಿಸಿ ಹೇಳುತ್ತಾರಾ? ಜವಾಬ್ದಾರಿ ಕೊಟ್ಟ ಮೇಲೆ ಅದಕ್ಕೆ ತಕ್ಕ ಅಧಿಕಾರವನ್ನೂ ಕೊಡುತ್ತಾರಾ? ತಮ್ಮ ಬಾಸ್‌ಗೆ ಒಳ್ಳೆಯ ಅಂಕ ಕೊಟ್ಟವರಲ್ಲಿ ಮುಂದೆ ಹೃದಯಾಘಾತದಂಥ ತೊಂದರೆ ಕಡಿಮೆ ಕಾಣಿಸಿತು. ಅದೇ ಜಾಗದಲ್ಲಿ ಜಾಸ್ತಿ ವರ್ಷ ಕೆಲಸ ಮಾಡಿದವರಲ್ಲಿ ಈ ನಂಟು ಇನ್ನೂ ಗಟ್ಟಿಯಾಗಿತ್ತು. ಕೆಟ್ಟ ಬಾಸ್ ಒಬ್ಬರಿಂದಲೇ ಎದೆನೋವು ಬರುತ್ತದೆ ಅಂತ ಇದರಿಂದ ಹೇಳಲು ಬರುವುದಿಲ್ಲ. ಆದರೆ ಆ ಪ್ರಶ್ನೆಗಳನ್ನು ಇನ್ನೊಮ್ಮೆ ಓದಿ. ಅದರಲ್ಲಿ ಖರ್ಚಿನ ವಿಷಯ ಒಂದೂ ಇಲ್ಲ.

ದೇಹಕ್ಕೆ ಏನಾಗುತ್ತದೆ ಅನ್ನುವುದು ಅನುಭವಿಸಿದವರಿಗೆಲ್ಲ ಗೊತ್ತು. ಭಾನುವಾರ ಸಂಜೆಯಿಂದಲೇ ಹೊಟ್ಟೆಯಲ್ಲಿ ಸಂಕಟ. ಮೊಬೈಲ್‌ನಲ್ಲಿ ಆ ಒಂದು ಹೆಸರು ಕಂಡರೆ ಎದೆ ಹೊಡೆದುಕೊಳ್ಳುತ್ತದೆ. ರಾತ್ರಿ ಮೂರಕ್ಕೆ ಎಚ್ಚರ. ಅಪಾಯ ಬಂದಾಗ ಓಡುವುದಕ್ಕೆ ದೇಹ ಮಾಡಿಕೊಳ್ಳುವ ತಯಾರಿ ಇದು. ಬಂದು ಹೋಗಬೇಕಾದದ್ದು ತಿಂಗಳುಗಟ್ಟಲೆ ಇಳಿಯದೇ ಇದ್ದರೆ ನಿದ್ದೆ, ಬಿಪಿ, ಜೀರ್ಣ ಎಲ್ಲ ಕೆಡುತ್ತದೆ.

ಕೆಲಸದ ಗಂಟೆಗಳದ್ದೂ ಪಾಲಿದೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿದ ಕಾರಣಕ್ಕೆ 2016ರಲ್ಲಿ ಜಗತ್ತಿನಲ್ಲಿ ಸುಮಾರು 7,45,000 ಜನ ಪಾರ್ಶ್ವವಾಯು ಮತ್ತು ಹೃದ್ರೋಗದಿಂದ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಅಂದಾಜು ಕೊಟ್ಟವು. ಯಾರು ಎಷ್ಟು ಹೊತ್ತು ಉಳಿಯಬೇಕು ಅನ್ನುವುದನ್ನು ಬಹಳ ಕಡೆ ತೀರ್ಮಾನಿಸುವುದು ಕೂಡ ನೇರ ಮೇಲಿನವರೇ ಅಲ್ವಾ?

ಗದರದೇ ಇದ್ದರೆ ಕೆಲಸ ಆಗಲ್ಲ. ಟಾರ್ಗೆಟ್ ಯಾರು ಮುಟ್ಟಿಸ್ತಾರೆ?

ಸೂಪರ್‌ವೈಸರ್‌ಗಳು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಅವರ ಕಷ್ಟವೂ ನಿಜ. ಕಟ್ಟುನಿಟ್ಟು ತಪ್ಪು ಅಂತ ನಾವು ಯಾವತ್ತೂ ಹೇಳಿಲ್ಲ. ಕಟ್ಟುನಿಟ್ಟು ಬೇರೆ, ಅವಮಾನ ಬೇರೆ.

ಒಂದು ಶರ್ಟ್ ಲೈನ್ ನೋಡಿ. ಕಾಲರ್ ಕೂರಿಸುವ ಮೆಷಿನ್ ಹತ್ತಿರ ಬಂಡಲ್ ರಾಶಿ ಬಿದ್ದಿದೆ. ಮುಂದಿನ ಮೆಷಿನ್‌ನವರು ಕೆಲಸ ಇಲ್ಲದೆ ಕೂತಿದ್ದಾರೆ. ಗಂಟೆಗೆಷ್ಟು ಪೀಸ್ ಆಯಿತು ಅಂತ ಬರೆಯುವ ಬೋರ್ಡ್ ಮೇಲೆ ಬೆಳಿಗ್ಗೆ ಹನ್ನೊಂದರ ಲೆಕ್ಕ ಕಡಿಮೆ ಬಂದಿದೆ. ಒಬ್ಬ ಸೂಪರ್‌ವೈಸರ್ ಇಡೀ ಲೈನ್‌ಗೆ ಕೇಳಿಸುವ ಹಾಗೆ, "ಮನೇಲಿ ನಿದ್ದೆ ಮಾಡಿ ಬರಲ್ವಾ? ಆಗಲ್ಲ ಅಂದ್ರೆ ಗೇಟ್ ಅಲ್ಲಿದೆ" ಅನ್ನುತ್ತಾರೆ. ಇನ್ನೊಬ್ಬರು ಹತ್ತಿರ ಬಂದು, "ಏನಾಯ್ತಮ್ಮ, ದಾರ ಕಟ್ ಆಗ್ತಿದೆಯಾ?" ಅಂತ ಕೇಳುತ್ತಾರೆ. ಮೆಕ್ಯಾನಿಕ್‌ನ ಕರೆಸುತ್ತಾರೆ. ಪಕ್ಕದ ಹೆಲ್ಪರ್‌ನ ಸ್ವಲ್ಪ ಹೊತ್ತು ಇಲ್ಲಿಗೆ ಹಾಕುತ್ತಾರೆ. "ಊಟದ ಹೊತ್ತಿಗೆ ಇದು ಕ್ಲಿಯರ್ ಆಗ್ಬೇಕು" ಅಂತ ಹೇಳಿಯೇ ಹೋಗುತ್ತಾರೆ.

ಟಾರ್ಗೆಟ್ ಇಬ್ಬರದ್ದೂ ಒಂದೇ. ಎರಡನೆಯವರು ಒಂದು ಪೀಸ್ ಕೂಡ ಬಿಟ್ಟುಕೊಟ್ಟಿಲ್ಲ. ಮೊದಲನೆಯವರ ಲೈನ್‌ನಲ್ಲಿ ಮಾತ್ರ ಆ ಟೈಲರ್ ನಾಳೆಯಿಂದ ಮೆಷಿನ್ ಕೆಟ್ಟರೂ ಬಾಯಿ ಬಿಡುವುದಿಲ್ಲ. ಟಾಯ್ಲೆಟ್‌ಗೆ ಹೋಗಲು ಕೇಳಬೇಕಲ್ಲ ಅಂತ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಉರಿಮೂತ್ರ, ಸೋಂಕು ಶುರುವಾಗುತ್ತದೆ. ಅದಕ್ಕೆ ರಜೆ ಕೇಳಲೂ ಭಯ. ಒಂದು ದಿನ ಹೇಳದೆ ಕೇಳದೆ ಕೆಲಸ ಬಿಟ್ಟಿರುತ್ತಾರೆ. ಹೊಸಬರನ್ನು ತಂದು ಕಲಿಸುವ ಹೊತ್ತಿಗೆ ಎಷ್ಟು ಪೀಸ್ ಹೋಯಿತು ಅನ್ನುವ ಲೆಕ್ಕ ಮಾತ್ರ ಯಾವ ಬೋರ್ಡ್ ಮೇಲೂ ಬರುವುದಿಲ್ಲ.

ಇದು ಹೊಸ ತಿಳಿವಳಿಕೆಯೇನಲ್ಲ. ಮನಃಶಾಸ್ತ್ರಜ್ಞ ಕರ್ಟ್ ಲೆವಿನ್ ಮತ್ತು ಅವರ ಜೊತೆಗಾರರು ಅಮೆರಿಕದ ಅಯೋವಾದಲ್ಲಿ ಹತ್ತು ವರ್ಷದ ಹುಡುಗರ ಗುಂಪುಗಳ ಮೇಲೆ ಮಾಡಿದ ಪ್ರಯೋಗ ಪ್ರಕಟವಾದದ್ದು 1939ರಲ್ಲಿ. ಹುಕುಂ ಹೊರಡಿಸುವ ಮುಖಂಡ ಎದುರಿಗಿದ್ದಾಗ ಹುಡುಗರು ಚೆನ್ನಾಗಿ ಕೆಲಸ ಮಾಡಿದರು. ಆತ ಕೋಣೆಯಿಂದ ಹೊರಗೆ ಹೋದ ಕೂಡಲೇ ಕೆಲಸ ಬಿತ್ತು. ಮಾತಾಡಿ ತೀರ್ಮಾನ ಮಾಡುವ ಮುಖಂಡ ಇದ್ದ ಗುಂಪಿನಲ್ಲಿ ಆತ ಹೊರಗೆ ಹೋದರೂ ಕೆಲಸ ನಡೆಯುತ್ತಲೇ ಇತ್ತು.

ಹಾಗಾದರೆ ಯಾವುದಕ್ಕೂ ತಲೆ ಹಾಕದ ಬಾಸ್ ಎಲ್ಲರಿಗಿಂತ ಒಳ್ಳೆಯವರು ಅಲ್ವಾ?

ಮೊದಮೊದಲು ಹಾಗೆ ಅನಿಸುತ್ತದೆ. ಆದರೆ ಇಬ್ಬರು ಜಗಳ ಮಾಡಿಕೊಂಡಾಗ "ನೀವೇ ನೋಡಿಕೊಳ್ಳಿ" ಅನ್ನುವವರು, ಮೇಲ್ ಮಾಡಿದರೆ ಉತ್ತರ ಕೊಡದವರು, ಯಾರ ಕೆಲಸ ಯಾವುದು ಅಂತ ಹೇಳದವರು ಕೂಡ ಜನರನ್ನು ಸುಸ್ತು ಮಾಡುತ್ತಾರೆ. ಇಂಥ ಕಡೆ ಗಲಾಟೆ, ಕಿರುಕುಳ, ಒತ್ತಡ ಜಾಸ್ತಿ ಅಂತ ನಾರ್ವೆಯಲ್ಲಿ ನಡೆದ, 2007ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಬಾಸ್ ಸುಮ್ಮನಿದ್ದರೆ ಆ ಜಾಗದಲ್ಲಿ ಜೋರು ಬಾಯಿಯವರು ಬಂದು ಕೂರುತ್ತಾರೆ.

ನಂಬಿಕೆ ಅನ್ನೋದು ಮನಸ್ಸಿನ ವಿಷಯ. ಅದನ್ನು ಹೇಗೆ ಗುರುತಿಸೋದು?

ಈ ವಿಷಯದಲ್ಲಿ ತುಂಬಾ ಜನ ಉಲ್ಲೇಖಿಸುವ 1995ರ ಒಂದು ಪ್ರಬಂಧ ಇದೆ. ಬರೆದವರು ಮೇಯರ್, ಡೇವಿಸ್ ಮತ್ತು ಶೂರ್‌ಮನ್. ಒಬ್ಬರನ್ನು ನಂಬಬೇಕಾದರೆ ಜನ ಮೂರು ನೋಡುತ್ತಾರೆ ಅಂತ ಅವರ ವಾದ. ಕೆಲಸ ಗೊತ್ತಿದೆಯಾ, ನಮ್ಮ ಒಳ್ಳೆಯದನ್ನು ಬಯಸುತ್ತಾರಾ, ಹೇಳಿದ ಹಾಗೆ ನಡೆಯುತ್ತಾರಾ. ಯೋಚಿಸಿ ನೋಡಿ, ಮನಸ್ಸು ಒಳ್ಳೆಯದಿದ್ದು ಕೆಲಸ ಗೊತ್ತಿಲ್ಲದ ಬಾಸ್ ಮೇಲೆ ಪ್ರೀತಿ ಇರುತ್ತದೆ, ನಂಬಿಕೆ ಇರಲ್ಲ.

ನಮ್ಮ ಅನುಭವದಲ್ಲಿ ಇನ್ನೂ ಸುಲಭದ ಪರೀಕ್ಷೆ ಒಂದಿದೆ. ಕೆಟ್ಟ ಸುದ್ದಿ ಬಾಸ್‌ಗೆ ಎಷ್ಟು ಬೇಗ ತಲುಪುತ್ತದೆ ನೋಡಿ. ಮೆಷಿನ್ ಕೆಟ್ಟಿದ್ದು, ಡೇಟ್ ತಪ್ಪುವುದು, ಹುಷಾರಿಲ್ಲದ್ದು, ಬೇರೆ ಕಡೆ ಕೆಲಸ ಹುಡುಕುತ್ತಿರುವುದು. ಇವೆಲ್ಲ ನೇರವಾಗಿ, ಮೊದಲೇ ಬಂದರೆ ನಂಬಿಕೆ ಇದೆ ಅಂತ ಅರ್ಥ. ಬೇರೆಯವರ ಬಾಯಿಂದ, ಕೊನೇ ಗಳಿಗೆಯಲ್ಲಿ ಬಂದರೆ ಇಲ್ಲ.

ಸಂಬಳ ತಡ ಆಗೋದು, ಓಟಿ ಲೆಕ್ಕ ತಪ್ಪೋದು ಅಕೌಂಟ್ಸ್‌ನವರ ವಿಷಯ. ಇದರಲ್ಲಿ ನಾಯಕತ್ವ ಎಲ್ಲಿ ಬಂತು?

ಎಲ್ಲಕ್ಕಿಂತ ಮೊದಲು ಇಲ್ಲೇ ಬಂತು. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ದೊಡ್ಡ ಗಲಭೆ ಆಯಿತು. ಗಾಜು ಒಡೆದವು, ವಾಹನಗಳಿಗೆ ಬೆಂಕಿ ಬಿತ್ತು. ಅದನ್ನು ಸಮರ್ಥಿಸಲು ಆಗುವುದಿಲ್ಲ. ಆದರೆ ಆ ಮೇಲೆ ಹೊರಬಂದ ವಿಷಯ ನೋಡಿ. ಕೆಲವರಿಗೆ ಸಂಬಳ ಸರಿಯಾಗಿ, ಸಮಯಕ್ಕೆ ಸಿಕ್ಕಿರಲಿಲ್ಲ ಅಂತ ಕಂಪನಿಯೇ ಒಪ್ಪಿ ಕೆಲಸಗಾರರ ಕ್ಷಮೆ ಕೇಳಿತು. ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ಆ ಹುದ್ದೆಯಿಂದ ತೆಗೆಯಿತು. ಕೆಲಸದ ಗಂಟೆಗಳ ಲೆಕ್ಕ ಇಡುವ ವ್ಯವಸ್ಥೆಯೇ ಸರಿ ಇರಲಿಲ್ಲ ಅಂತ ಆ್ಯಪಲ್ ಹೇಳಿ, ಸರಿಪಡಿಸುವ ತನಕ ಹೊಸ ಕೆಲಸ ಕೊಡುವುದನ್ನು ನಿಲ್ಲಿಸಿತು.

ಗಂಟೆ ಲೆಕ್ಕ ತಪ್ಪಿದೆ ಅನ್ನುವುದು ಕೆಲಸಗಾರರಿಗೆ ಮೊದಲ ತಿಂಗಳೇ ಗೊತ್ತಿರುತ್ತದೆ. ಅದನ್ನು ಹೇಳಲು ಒಂದು ಬಾಗಿಲು ಬೇಕು, ಹೇಳಿದ ಮೇಲೆ ಯಾರಾದರೂ ಓಡಾಡಬೇಕು. ಸೂಪರ್‌ವೈಸರ್ ಸಂಬಳ ಹಾಕುವವರಲ್ಲ, ನಿಜ. ಆದರೆ "ನನ್ನ ಕೆಲಸ ಅಲ್ಲ, ಎಚ್‌ಆರ್ ಹತ್ರ ಹೋಗು" ಅನ್ನುವವರಿಗೂ, "ಸ್ಲಿಪ್ ಕೊಡಿ, ನಾನೇ ಕೇಳ್ತೀನಿ, ಶುಕ್ರವಾರ ಹೇಳ್ತೀನಿ" ಅಂದು ಶುಕ್ರವಾರ ಬಂದು ಹೇಳುವವರಿಗೂ ಬಹಳ ವ್ಯತ್ಯಾಸ ಇದೆ. ಉತ್ತರ ಸಿಗದೇ ಇದ್ದರೂ ಶುಕ್ರವಾರ ಬಂದು "ಇನ್ನೂ ಆಗಿಲ್ಲ" ಅಂತ ಹೇಳಬೇಕು. ಮಾಡುತ್ತೇನೆ ಅಂದದ್ದನ್ನು ಮಾಡುವ ಅಭ್ಯಾಸ ಇಂಥ ಸಣ್ಣ ವಿಷಯದಲ್ಲೇ ಜನರ ಕಣ್ಣಿಗೆ ಬೀಳುವುದು.

ಈ ವರ್ಷ ಇನ್‌ಕ್ರಿಮೆಂಟ್ ಕಡಿಮೆ. ಜನರಿಗೆ ಬೇಜಾರಾಗಿದೆ. ದುಡ್ಡು ಕೊಡೋಕೆ ಆಗದೇ ಇದ್ದಾಗ ಏನು ಮಾಡಬಹುದು?

ಮೊದಲು, ಸತ್ಯ ಹೇಳಿ. ಎಷ್ಟು ಬರುತ್ತದೆ, ಯಾಕೆ ಇಷ್ಟೇ ಅಂತ ಮೊದಲೇ ಹೇಳಿ. ಸುದ್ದಿ ಮೊದಲು ವಾಟ್ಸ್‌ಆ್ಯಪ್‌ನಲ್ಲಿ ಬಂದು, ಆಮೇಲೆ ನೀವು ಹೇಳಿದರೆ ಯಾರೂ ನಂಬುವುದಿಲ್ಲ.

ಎರಡನೆಯದು, ಕೇಳಿಸಿಕೊಳ್ಳಿ. ಇದಕ್ಕೆ ನಮ್ಮ ದೇಶದ್ದೇ ಒಳ್ಳೆಯ ಪುರಾವೆ ಇದೆ. ಭಾರತದ ಒಂದು ದೊಡ್ಡ ಗಾರ್ಮೆಂಟ್ಸ್ ಕಂಪನಿಯಲ್ಲಿ ಸಂಬಳ ಹೆಚ್ಚಿತು, ಆದರೆ ಜನ ಅಂದುಕೊಂಡಷ್ಟು ಹೆಚ್ಚಲಿಲ್ಲ. ಅಚ್ಯುತ ಅಧ್ವರ್ಯು, ತೆರೇಸಾ ಮೊಲಿನಾ ಮತ್ತು ಅನಂತ್ ನ್ಯಾಷಾಧಂ ಎಂಬ ಅರ್ಥಶಾಸ್ತ್ರಜ್ಞರು ಅದೇ ಹೊತ್ತಿಗೆ ಒಂದು ಪ್ರಯೋಗ ಮಾಡಿದರು. ಚೀಟಿ ಎತ್ತಿದ ಹಾಗೆ ಕೆಲವು ಕೆಲಸಗಾರರನ್ನು ಆರಿಸಿ, ಹೆಸರು ಹೇಳಬೇಕಿಲ್ಲದ ಒಂದು ಸರ್ವೆಯಲ್ಲಿ ಅಭಿಪ್ರಾಯ ಕೇಳಿದರು. ಕೆಲಸ ಹೇಗಿದೆ, ಸೂಪರ್‌ವೈಸರ್ ಹೇಗೆ, ಸಮಾಧಾನ ಇದೆಯಾ ಅಂತ. ಹಾಗೆ ಮಾತಾಡಲು ಅವಕಾಶ ಸಿಕ್ಕವರಲ್ಲಿ ಕೆಲಸ ಬಿಡುವುದು, ಗೈರುಹಾಜರಿ ಎರಡೂ ಕಡಿಮೆಯಾದವು. ಅತಿ ಹೆಚ್ಚು ಬೇಜಾರಾಗಿದ್ದವರಲ್ಲೇ ಈ ಬದಲಾವಣೆ ಜಾಸ್ತಿ ಕಂಡಿತು.

ಇದನ್ನು ಓದಿ "ಹಾಗಾದರೆ ಒಂದು ಫಾರ್ಮ್ ಹಂಚಿದರೆ ಸಾಕು" ಅಂದುಕೊಳ್ಳಬೇಡಿ. ಕೇಳಿ ಏನೂ ಮಾಡದೇ ಇದ್ದರೆ ಮುಂದಿನ ಸಲ ಎಲ್ಲರೂ ಖುಷಿಯಾಗಿದ್ದೇವೆ ಅಂತ ಟಿಕ್ ಹಾಕಿ ಕೊಡುತ್ತಾರೆ. ಬಂದ ದೂರುಗಳಲ್ಲಿ ಒಂದೆರಡನ್ನಾದರೂ, ಫ್ಯಾನ್ ರಿಪೇರಿಯೋ ಕ್ಯಾಂಟೀನ್ ನೀರೋ, ಅದೇ ತಿಂಗಳು ಸರಿಮಾಡಿ, "ನೀವು ಹೇಳಿದ್ದಕ್ಕೆ ಮಾಡಿದ್ದು" ಅಂತ ಬಾಯಿಬಿಟ್ಟು ಹೇಳಿ.

ತಪ್ಪು ಒಪ್ಪಿಕೊಂಡವರನ್ನು ಬಿಟ್ಟರೆ ಎಲ್ಲರೂ ತಪ್ಪು ಮಾಡೋಕೆ ಶುರು ಮಾಡಲ್ವಾ?

ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಯ ನರ್ಸ್‌ಗಳ ತಂಡಗಳನ್ನು ನೋಡಿದರು. ಔಷಧಿ ಕೊಡುವುದರಲ್ಲಿ ಯಾರು ಎಷ್ಟು ತಪ್ಪು ಮಾಡುತ್ತಾರೆ ಅನ್ನುವುದು ವಿಷಯ. ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಇರಬೇಕು ಅಂತ ಅವರ ಎಣಿಕೆ. ಲೆಕ್ಕ ಬಂದದ್ದು ಉಲ್ಟಾ. ಮುಖ್ಯಸ್ಥರು ಚೆನ್ನಾಗಿದ್ದ ತಂಡಗಳಲ್ಲೇ ತಪ್ಪು ಜಾಸ್ತಿ ದಾಖಲಾಗಿತ್ತು. ಒಳಗೆ ಇಳಿದು ನೋಡಿದಾಗ ಕಾರಣ ಸಿಕ್ಕಿತು. ಆ ತಂಡಗಳಲ್ಲಿ ತಪ್ಪನ್ನು ಧೈರ್ಯವಾಗಿ ಹೇಳುತ್ತಿದ್ದರು. ಭಯ ಇದ್ದ ಕಡೆ ಮುಚ್ಚಿಡುತ್ತಿದ್ದರು. ಮುಂದೆ 1999ರಲ್ಲಿ ಅವರು ಬರೆದ ಪ್ರಬಂಧದಿಂದ ಈ ವಿಚಾರ ಎಲ್ಲ ಕಡೆ ಹಬ್ಬಿತು.

ನಿಮ್ಮ ಟೀಮ್‌ನಲ್ಲಿ ಯಾರೂ ತಪ್ಪೇ ಹೇಳುತ್ತಿಲ್ಲ ಅಂದರೆ ಖುಷಿಪಡಬೇಡಿ. ಹುಡುಕಿ ನೋಡಿ. ಪ್ರೊಡಕ್ಷನ್‌ನಲ್ಲಿ (ಜನ ಬಳಸುತ್ತಿರುವ ಸಾಫ್ಟ್‌ವೇರ್‌ನಲ್ಲಿ) ತಪ್ಪು ಕೋಡ್ ಹೋಯಿತು ಅಂತ ರಾತ್ರಿ ಹತ್ತಕ್ಕೆ ಫೋನ್ ಮಾಡಿದ ಹುಡುಗನಿಗೆ ನಿಮ್ಮ ಬಾಯಿಂದ ಮೊದಲು ಬರುವ ಮಾತು ಏನು ಅನ್ನುವುದರ ಮೇಲೆ ಮುಂದಿನ ಫೋನ್ ಬರುತ್ತದೋ ಇಲ್ಲವೋ ನಿಂತಿದೆ. "ಹೇಳಿದ್ದು ಒಳ್ಳೇದಾಯ್ತು, ಈಗ ಏನ್ ಮಾಡೋಣ" ಅನ್ನಿ. ಯಾಕಾಯಿತು ಅನ್ನುವ ವಿಚಾರಣೆ ಬೆಳಿಗ್ಗೆ ಇಟ್ಟುಕೊಳ್ಳಿ. ಅದು ಬೇಡ ಅಂತಲ್ಲ. ಒಂದೇ ತಪ್ಪು ಪದೇ ಪದೇ ಆದರೆ ಕೇಳಲೇಬೇಕು. ಬೇಕಂತಲೇ ಮಾಡಿದ್ದಕ್ಕೆ ಕ್ರಮವನ್ನೂ ತೆಗೆದುಕೊಳ್ಳಿ.

ರಜೆ ನೀತಿ ಚೆನ್ನಾಗಿದೆ. ಆದರೂ ಜನ ರಜೆ ತೆಗೆದುಕೊಳ್ಳಲ್ಲ. ಯಾಕೆ?

ಕೇಳುವಾಗ ಸಿಗುವ ಮುಖ ನೆನಪಿಗೆ ಬರುತ್ತದೆ, ಅದಕ್ಕೆ. ಕರ್ನಾಟಕ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ತಿಂಗಳಿಗೆ ಒಂದು ದಿನ, ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಯ ನೀತಿಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯ ಹೆಜ್ಜೆ. ಆದರೆ ಲೈನ್‌ನಲ್ಲಿ ಕೂತ ಹೆಣ್ಣುಮಗಳು ಗಂಡಸು ಸೂಪರ್‌ವೈಸರ್ ಹತ್ತಿರ ಹೋಗಿ ಅದನ್ನು ಬಾಯಿಬಿಟ್ಟು ಕೇಳಬೇಕಲ್ಲ? "ಹೋದ ವಾರ ನೀನು ಚೆನ್ನಾಗೇ ಇದ್ದೆಯಲ್ಲ" ಅಂತ ನಾಲ್ಕು ಜನರ ಮುಂದೆ ಒಂದು ಮಾತು ಬಂದರೆ ಸಾಕು, ಇಡೀ ಲೈನ್‌ನಲ್ಲಿ ಯಾರೂ ಮತ್ತೆ ಕೇಳುವುದಿಲ್ಲ. ಮಾತಾಡದೆ ಚೀಟಿ ಹಾಕುವ ಹಾಗೆ, ಇಲ್ಲವೇ ಮಹಿಳಾ ವೆಲ್‌ಫೇರ್ ಆಫೀಸರ್ ಮೂಲಕ ಕೇಳುವ ಹಾಗೆ ವ್ಯವಸ್ಥೆ ಮಾಡಿ.

ಹುಷಾರಿಲ್ಲದಾಗಲೂ ಇದೇ ಕಥೆ. ಇಎಸ್‌ಐ ಇರುವವರಿಗೆ ಡಾಕ್ಟರ್ ಸರ್ಟಿಫಿಕೇಟ್ ಕೊಟ್ಟರೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70ರಷ್ಟು ಸಿಗುವ ಸೌಲಭ್ಯ ಇದೆ. ಅದನ್ನು ಬಳಸಿದವರನ್ನು ಕಳ್ಳರ ಹಾಗೆ ನೋಡಬೇಡಿ.

ನಮ್ಮಲ್ಲಿ ಯೋಗ ಕ್ಲಾಸ್ ಇದೆ, ವೆಲ್‌ನೆಸ್ ಆ್ಯಪ್ ಇದೆ. ಇಷ್ಟು ಸಾಲದಾ?

ಸಾಲದು. ಬ್ರಿಟನ್ನಿನಲ್ಲಿ 46,000ಕ್ಕೂ ಹೆಚ್ಚು ನೌಕರರ ಮಾಹಿತಿ ನೋಡಿದ ಸಂಶೋಧಕ ವಿಲಿಯಂ ಫ್ಲೆಮಿಂಗ್ ಅವರ ಅಧ್ಯಯನ 2024ರಲ್ಲಿ ಬಂತು. ಧ್ಯಾನದ ಆ್ಯಪ್, ಒತ್ತಡ ನಿಭಾಯಿಸುವ ತರಬೇತಿ ಇಂಥವುಗಳಲ್ಲಿ ಭಾಗವಹಿಸಿದವರು ಭಾಗವಹಿಸದವರಿಗಿಂತ ನೆಮ್ಮದಿಯಾಗಿದ್ದಾರೆ ಅಂತ ಕಾಣಲಿಲ್ಲ. ಸಮಾಜಸೇವೆಗೆ ಅವಕಾಶ ಕೊಡುವ ಕಾರ್ಯಕ್ರಮಗಳಲ್ಲಿ ಮಾತ್ರ ಸ್ವಲ್ಪ ಒಳಿತು ಕಂಡಿತು. ಯೋಗ ಒಳ್ಳೆಯದೇ, ಮಾಡಲಿ. ಆದರೆ ರಾತ್ರಿ ಹನ್ನೊಂದರ ಕಾಲ್ ನಿಲ್ಲಿಸದೆ ಬೆಳಿಗ್ಗೆ ಆರಕ್ಕೆ ಪ್ರಾಣಾಯಾಮ ಇಟ್ಟರೆ ಕಾಲು ಮುರಿದವರಿಗೆ ನೋವಿನ ಎಣ್ಣೆ ಹಚ್ಚಿದ ಹಾಗೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೊಟ್ಟ ಸಲಹೆಗಳಲ್ಲಿ ಮ್ಯಾನೇಜರ್‌ಗಳಿಗೆ ತರಬೇತಿ ಕೊಡಿ, ಕೆಲಸದ ಹೊರೆಯನ್ನೇ ಸರಿಮಾಡಿ ಅಂತಲೂ ಇದೆ. ಬಜೆಟ್ ಕಡಿಮೆ ಇದ್ದರೆ ಮೊದಲ ದುಡ್ಡು ಅಲ್ಲಿಗೆ ಹಾಕಿ.

"ನಾವೆಲ್ಲ ಒಂದೇ ಕುಟುಂಬ" ಅಂತ ಬಾಸ್ ಹೇಳ್ತಾರೆ. ಇದು ಒಳ್ಳೆಯ ಲಕ್ಷಣ ತಾನೇ?

ಯಾವಾಗ ಹೇಳುತ್ತಾರೆ ಅನ್ನುವುದನ್ನು ನೋಡಿ. ನಿಮ್ಮ ಅಮ್ಮ ಆಸ್ಪತ್ರೆಯಲ್ಲಿ ಇದ್ದಾಗ ಹೇಳಿದರೆ ಒಳ್ಳೆಯದು. ಶನಿವಾರ ಕೆಲಸಕ್ಕೆ ಕರೆಯುವಾಗ, ಓಟಿ ಕೊಡದಿರುವಾಗ ಮಾತ್ರ ಕುಟುಂಬದ ನೆನಪಾದರೆ ಎಚ್ಚರ ಇರಲಿ.

ಮನೆಯಿಂದ ಕೆಲಸ ಮಾಡುವವರ ಮೇಲೆ ಸ್ಕ್ರೀನ್ ನೋಡುವ ಸಾಫ್ಟ್‌ವೇರ್ ಹಾಕೋದು ಸರಿಯಾ?

ಭದ್ರತೆಯ ಕಾರಣಕ್ಕೆ ಬೇಕಾದರೆ ಹಾಕಿ, ಹಾಕಿದ್ದನ್ನು ಹೇಳಿ. ಮೌಸ್ ಅಲ್ಲಾಡಿತಾ ಅಂತ ನೋಡಲು ಹಾಕಿದರೆ ಜನ ಮೌಸ್ ಅಲ್ಲಾಡಿಸುವುದನ್ನು ಕಲಿಯುತ್ತಾರೆ. ವಾರಕ್ಕೆ ಏನು ಮುಗಿಯಬೇಕು ಅಂತ ಕೂತು ಒಪ್ಪಿಕೊಳ್ಳಿ, ಅದನ್ನು ಅಳೆಯಿರಿ.

ನಾನೇ ಟೀಮ್ ಲೀಡ್. ಮೇಲಿಂದ ನನ್ನನ್ನೇ ಬೈತಾರೆ. ನಾನು ಕೆಳಗಿನವರಿಗೆ ನೆಮ್ಮದಿ ಎಲ್ಲಿಂದ ಕೊಡಲಿ?

ಈ ಪ್ರಶ್ನೆ ಕೇಳುವವರ ಬಗ್ಗೆ ನಮಗೆ ತುಂಬಾ ಕಾಳಜಿ ಇದೆ. ನಡುವಿನವರ ಕಷ್ಟವನ್ನು ಯಾರೂ ಕೇಳುವುದಿಲ್ಲ. ಹೋದ ತಿಂಗಳವರೆಗೆ ಒಳ್ಳೆಯ ಟೈಲರ್ ಆಗಿದ್ದವರನ್ನು, ಒಳ್ಳೆಯ ಕೋಡರ್ ಆಗಿದ್ದವರನ್ನು ಏನೂ ಕಲಿಸದೆ ಲೀಡ್ ಮಾಡಿರುತ್ತಾರೆ. ಅವರಿಗೆ ಗೊತ್ತಿರುವುದು ತಮ್ಮನ್ನು ಬೈದವರ ದಾರಿ ಒಂದೇ.

ಬಂದ ಒತ್ತಡವನ್ನೆಲ್ಲ ತಡೆಯಲು ನಿಮ್ಮಿಂದ ಆಗುವುದಿಲ್ಲ. ಬೈಗುಳವನ್ನು ಕೆಳಗೆ ದಾಟಿಸದೇ ಇರಬಹುದು, ಕೆಲಸವನ್ನು ಮಾತ್ರ ದಾಟಿಸಿ. "ಕ್ಲೈಂಟ್ ಡೇಟ್ ಹಿಂದಕ್ಕೆ ತಂದಿದ್ದಾರೆ, ಯಾವುದನ್ನು ಬಿಡೋಣ ಹೇಳಿ" ಅಂತ ಟೀಮ್ ಜೊತೆ ಕೂತು ಪಟ್ಟಿ ಮಾಡಿ, ಅದೇ ಪಟ್ಟಿ ಹಿಡಿದು ಮೇಲೆ ಹೋಗಿ. ಬರಿಗೈಯಲ್ಲಿ "ಆಗಲ್ಲ" ಅನ್ನುವುದಕ್ಕಿಂತ ಪಟ್ಟಿ ಹಿಡಿದು "ಇದು ಆಗುತ್ತೆ, ಇದು ಆಗಲ್ಲ" ಅಂದರೆ ಒಪ್ಪುವ ಸಾಧ್ಯತೆ ಜಾಸ್ತಿ. ನೀವು ಮೇಲೆ ಹೋಗಿ ಮಾತಾಡಿದ್ದೀರಿ ಅನ್ನುವುದು ಟೀಮ್‌ಗೆ ಗೊತ್ತಾದರೆ, ಕೆಲಸ ಆಗದಿದ್ದರೂ ಅವರು ನಿಮ್ಮ ಜೊತೆ ನಿಲ್ಲುತ್ತಾರೆ.

ನಂಬಿಕೆ ಒಮ್ಮೆ ಮುರಿದಿದೆ. ಮತ್ತೆ ಬರುತ್ತಾ?

ಬರುತ್ತದೆ, ಆದರೆ ನಿಧಾನ. ಎಲ್ಲರ ಮುಂದೆ ಬೈದಿದ್ದರೆ ಎಲ್ಲರ ಮುಂದೆಯೇ ಕ್ಷಮೆ ಕೇಳಿ. ಕ್ಯಾಬಿನ್‌ಗೆ ಕರೆದು ಗುಟ್ಟಾಗಿ ಕೇಳಿದರೆ ಲೆಕ್ಕಕ್ಕೆ ಬರಲ್ಲ. ಕೇಳಿದ ಮೇಲೆ ನಡವಳಿಕೆ ಬದಲಾಗಬೇಕು, ಅದನ್ನು ಜನ ತಿಂಗಳುಗಟ್ಟಲೆ ನೋಡುತ್ತಾರೆ. ಆ ಹೊತ್ತಿನಲ್ಲಿ "ಇನ್ನೂ ಯಾಕೆ ನಂಬಲ್ಲ" ಅಂತ ಅವರನ್ನು ಒತ್ತಾಯಿಸಬೇಡಿ.

ನನ್ನ ಬಾಸ್ ಹಿಂಸೆ ಕೊಡ್ತಿದ್ದಾರೆ. ಈಗ ಏನು ಮಾಡಲಿ?

ಇವತ್ತಿನಿಂದಲೇ ಬರೆದಿಡಿ. ತಾರೀಖು, ಸಮಯ, ಏನು ಹೇಳಿದರು, ಯಾರಿದ್ದರು. ಮೆಸೇಜ್‌ಗಳನ್ನು ಅಳಿಸಬೇಡಿ. ಒಬ್ಬರೇ ಸಹಿಸಿಕೊಳ್ಳಬೇಡಿ, ಜೊತೆಗೆ ಕೆಲಸ ಮಾಡುವ ಒಬ್ಬರಿಗಾದರೂ ಹೇಳಿ. ಆಮೇಲೆ ಎಚ್‌ಆರ್‌ಗೆ ಅಥವಾ ಬಾಸ್‌ನ ಮೇಲಿನವರಿಗೆ ಬರವಣಿಗೆಯಲ್ಲಿ ಕೊಡಿ. ಯೂನಿಯನ್ ಇದ್ದರೆ ಅವರ ನೆರವು ಪಡೆಯಿರಿ. ಸಂಬಳ, ಓಟಿ ವಿಷಯವಾದರೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು.

ಲೈಂಗಿಕ ಕಿರುಕುಳ ಆಗಿದ್ದರೆ 2013ರ ಕಾನೂನು ಮಹಿಳೆಯರ ಪರವಾಗಿ ಇದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಇಂಥ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಜಾಗವಾದರೆ ಅಥವಾ ದೂರು ಮಾಲೀಕರ ಮೇಲೆಯೇ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು, ತಕ್ಕ ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಸಮಯ ಕೊಡಬಹುದು. ವಿಚಾರಣೆ 90 ದಿನದೊಳಗೆ ಮುಗಿಯಬೇಕು.

ನಿದ್ದೆ ಹೋಗಿದ್ದರೆ, ಬದುಕೇ ಬೇಡ ಅನಿಸುತ್ತಿದ್ದರೆ ದೂರು ಗೀರು ಎಲ್ಲ ಆಮೇಲೆ. ಮೊದಲು 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಕಂಪನಿಗೆ ಇದು ಗೊತ್ತಾಗುವುದಿಲ್ಲ.